ಇರ್ಮೆಲಿಯ ಎಡಗಣ್ಣು

ನಮ್ಮ ರಾಹೆ ಊರಿನಲ್ಲಿ ಯಾವಳಾದರೂ "ನನ್ನ ರೆಪ್ಪೆಗೂದಲು ಹುಟ್ಟಿನಿಂದಲೇ ಕಪ್ಪು" ಅಂದರೆ ನಂಬಬೇಡಿ. ಅವಳು ಇರ್ಮೆಲಿಯ ಕುರ್ಚಿಯಲ್ಲಿ ಕೂತು ಎದ್ದು ಬಂದವಳು. ಉತ್ತರದ ಈ ಹಿಮನಾಡಿನಲ್ಲಿ, ಕಡಲ ದಂಡೆಯಲ್ಲಾಗಲಿ ಒಳನಾಡಿನಲ್ಲಾಗಲಿ ಹುಟ್ಟಿದ ನಮಗೆಲ್ಲ ರೆಪ್ಪೆಗೂದಲು ಇದ್ದೂ ಇಲ್ಲದ ಹಾಗೆ, ಬೆಳಕಿಗೆ ಹಿಡಿದು ನೋಡಿದರೆ ಮಾತ್ರ ಕಾಣುವಷ್ಟು ಬಿಳಿ. ಹಾಗಾಗಿ ಕ್ರಿಸ್ಮಸ್ಸಿಗೆ ಮುಂಚೆ, ಮದುವೆಗೆ ಮುಂಚೆ, ಸಾವಿನ ಮನೆಗೆ ಹೋಗುವ ಮುಂಚೆ ಕೂಡ ಹೆಂಗಸರು ಬಂದು ಅವಳ ಮುಂದೆ ಕಣ್ಣು ಮುಚ್ಚಿಕೊಂಡು ಒರಗುತ್ತಾರೆ. ಅವಳು ಸಣ್ಣ ಬ್ರಷ್ಷಿನಿಂದ ನೀಲಿಗಪ್ಪು ಬಣ್ಣ ಹಚ್ಚುತ್ತಾಳೆ. ತೊಳೆದುಕೊಂಡು ಎದ್ದಾಗ ಮುಖದಲ್ಲಿ ಕಣ್ಣು ಅಂತ ಒಂದು ಇರುವುದು ಕಾಣಿಸುತ್ತದೆ.

ನಾನು ತುಯಿರೆ. ಅವಳ ಸಲೂನಿನ ಪಕ್ಕದ ಉಣ್ಣೆ ಮತ್ತು ಗುಂಡಿಗಳ ಅಂಗಡಿ ನನ್ನದು. ಎರಡು ಅಂಗಡಿಗೂ ಸೇರಿ ಹಿಂದೆ ಒಂದೇ ಕೋಣೆ. ಅಲ್ಲಿ ಒಂದು ಕಾಫಿ ಯಂತ್ರ, ಒಂದು ಪುಟ್ಟ ಫ್ರಿಜ್, ಇಬ್ಬರಿಗೂ ಜಗಳವಾಡಲು ಬೇಕಾದಷ್ಟು ಜಾಗ. ಗಿರಾಕಿ ಇಲ್ಲದಾಗೆಲ್ಲ ನಾವು ಅಲ್ಲೇ ಕೂತಿರುತ್ತೇವೆ. ಅವಳ ಬಗ್ಗೆ ಹೇಳುವ ಅಧಿಕಾರ ಅವಳ ಗಂಡ ಆರ್ವೊಗಿಂತ ನನಗೇ ಹೆಚ್ಚು. ಉಕ್ಕಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದ ಆ ಮನುಷ್ಯ ದಿನಕ್ಕೆ ಮೂರು ಮಾತಾಡಿದರೆ ಅವತ್ತು ಹಬ್ಬ.

ಇರ್ಮೆಲಿ ಹುಟ್ಟಿದ್ದು ಒಳನಾಡಿನಲ್ಲಿ, ಹಸು ಸಾಕುವವರ ಮನೆಯಲ್ಲಿ. ಮೇಲೆ ಕೆಳಗೆ ಎಲ್ಲ ಅಣ್ಣತಮ್ಮಂದಿರೇ. ಇವಳ ಬಿಳಿ ರೆಪ್ಪೆಗೂದಲು ನೋಡಿ ಅವರು ಇಟ್ಟ ಹೆಸರು ಹಂದಿಮರಿ. ಊಟಕ್ಕೆ ಕರೆಯುವಾಗಲೂ "ಹಂದಿಮರಿ, ಬಾರೇ" ಅಂತಲೇ ಕರೆಯುತ್ತಿದ್ದರಂತೆ. ಚರ್ಚಿನಲ್ಲಿ ದೊಡ್ಡವರ ಸಾಲಿಗೆ ಸೇರಿಸಿಕೊಳ್ಳುವ ದಿನ ಬಂದಾಗ ಅವಳಮ್ಮ ಪೇಟೆಗೆ ಕರೆತಂದು ಮೊದಲ ಸಲ ರೆಪ್ಪೆಗೆ ಬಣ್ಣ ಹಾಕಿಸಿದಳು. ಕನ್ನಡಿ ನೋಡಿದ ಹುಡುಗಿ ಕುರ್ಚಿ ಬಿಟ್ಟು ಏಳಲೇ ಇಲ್ಲ. "ನಂಗೂ ಕಣ್ಣಿದೆ ಅಂತ ನಂಗೆ ಗೊತ್ತಾಗಿದ್ದೇ ಅವತ್ತು ಕಣೇ" ಅಂತ ಈಗಲೂ ಹೇಳುತ್ತಾಳೆ. ಆ ವರ್ಷವೇ ಅದೇ ಸಲೂನಿನಲ್ಲಿ ನೆಲ ಗುಡಿಸುವ ಕೆಲಸಕ್ಕೆ ಸೇರಿದಳು. ಈಗ ಸಲೂನು ಅವಳದೇ.

ಅವಳ ಒಂದು ಗೀಳಿನ ಬಗ್ಗೆ ಹೇಳಲೇಬೇಕು. ಎಲ್ಲವೂ ಸಮ ಇರಬೇಕು. ಕೂದಲು ಕತ್ತರಿಸಿದ ಮೇಲೆ ಎರಡೂ ಕೆನ್ನೆಯ ಪಕ್ಕದಿಂದ ಒಂದೊಂದು ಎಳೆ ಹಿಡಿದು ಗದ್ದದ ತನಕ ಎಳೆದು, ಬಲಗಣ್ಣು ಮುಚ್ಚಿ, ಎಡಗಣ್ಣಿನಿಂದ ಬಂದೂಕು ಹಿಡಿದವರ ಹಾಗೆ ಗುರಿ ನೋಡುತ್ತಾಳೆ. ಮುಂಗೂದಲಿಗೂ ಅದೇ ಗುರಿ. ಕನ್ನಡಿ ಹೂಂ ಅಂದರೆ ಆಯಿತು, ಬೇರೆ ಯಾರನ್ನೂ ಕೇಳುವುದಿಲ್ಲ. "ಸ್ವಲ್ಪ ಈ ಕಡೆ ಉದ್ದ ಅಲ್ವಾ?" ಅಂತ ಯಾರಾದರೂ ಅಂದರೆ ಬಾಚಣಿಗೆ ತೊಳೆಯಲು ಹೋಗುತ್ತಾಳೆ. ನಮ್ಮ ಮನೆಗೆ ಬಂದರೂ ಗೋಡೆಯ ಚಿತ್ರಗಳನ್ನು ನೆಟ್ಟಗೆ ಮಾಡದೆ ಕೋಟು ಬಿಚ್ಚುವವಳಲ್ಲ.

ಇಂಥವಳ ಕೈಯಲ್ಲಿ ಎರಡು ವರ್ಷದ ಕೆಳಗೆ ಊರಿನ ಮುಂಗೂದಲೆಲ್ಲ ವಾರೆಯಾಗತೊಡಗಿತು. ನನ್ನದೂ ವಾರೆ, ಬೇಕರಿಯವಳದೂ ವಾರೆ, ಎಲ್ಲರದೂ ಒಂದೇ ಕಡೆಗೆ ಇಳಿಜಾರು. ಯಾರಾದರೂ ಅವಳಿಗೆ ಹೇಳಿದರೇ? ಇಲ್ಲ. ಮುಖಕ್ಕೆ ಹೊಡೆದ ಹಾಗೆ ಹೇಳುವುದು ನಮ್ಮೂರಿನ ಮರ್ಯಾದೆಯಲ್ಲ. ಚಳಿಗಾಲವಿಡೀ ತಲೆಗೆ ಟೋಪಿ ಇದ್ದೇ ಇರುತ್ತದೆ, ಕಿವಿ ತನಕ ಎಳೆದುಕೊಂಡರೆ ಮುಗಿಯಿತು. ಕೊನೆಗೆ ಸ್ಥಳೀಯ ಪತ್ರಿಕೆಯಲ್ಲಿ ಚರ್ಚಿನ ಗಾಯಕಿಯರ ಚಿತ್ರ ಬಂತು. ಮುಂದಿನ ಸಾಲಿನವರೆಲ್ಲ ಅವಳ ಗಿರಾಕಿಗಳು. ಮುಂಗೂದಲೆಲ್ಲ ಗಾಳಿಗೆ ಬಾಗಿದ ಹುಲ್ಲಿನ ಹಾಗೆ ಒಂದೇ ಕಡೆಗೆ ಓರೆ. ಇರ್ಮೆಲಿ ಆ ಚಿತ್ರವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಪತ್ರಿಕೆ ಮಡಿಸಿಟ್ಟು ನೇರ ಕನ್ನಡಕದ ಅಂಗಡಿಗೆ ಹೋದಳು.

ಕನ್ನಡಕದವರು ನೋಡಿ ಔಲು ಪಟ್ಟಣದ ಕಣ್ಣಿನ ಡಾಕ್ಟರಿಗೆ ಕಳಿಸಿದರು. ಡಾಕ್ಟರ್ ಪುಹಕ್ಕಾ ಮೆತ್ತಗೆ ಮಾತಾಡುವ ಮನುಷ್ಯ. ಎಡಗಣ್ಣಿಗೆ ಗ್ಲಾಕೋಮಾ, ಒಳಗಿನ ಒತ್ತಡ ಏರಿ ಹಿಂದಿನ ನರ ಸವೆಯುತ್ತಿದೆ, ನೋಟದ ಒಂದು ಮೂಲೆ ಆಗಲೇ ಹೋಗಿದೆ ಎಂದರು. ಹೋದದ್ದು ಮತ್ತೆ ಬರುವುದಿಲ್ಲ. ಇರುವುದನ್ನು ಉಳಿಸಿಕೊಳ್ಳಬಹುದು. ನಮ್ಮ ಕಡೆ ಈ ಕಾಯಿಲೆ ಹೊಸದೇನಲ್ಲ. ನನ್ನಪ್ಪ ಇದರಲ್ಲೇ ಕಣ್ಣು ಕಳೆದುಕೊಂಡ. ನೋವಿಲ್ಲ, ಉರಿಯಿಲ್ಲ, ಈ ವರ್ಷ ಯಾಕೋ ಬೇಗ ಕತ್ತಲಾಗುತ್ತದೆ ಅಂತ ಗೊಣಗಿಕೊಂಡೇ ಇದ್ದ. ಗೊತ್ತಾಗುವ ಹೊತ್ತಿಗೆ ಏನೂ ಉಳಿದಿರಲಿಲ್ಲ. ಇರ್ಮೆಲಿಗೆ ಹಾಗಾಗಬಾರದು ಅಂತ ನನಗೆ ನಿಜಕ್ಕೂ ಭಯವಾಗಿತ್ತು. ಆ ಎಡಗಣ್ಣು ಹೋದರೆ ಅವಳು ಕತ್ತರಿ ಕೆಳಗಿಟ್ಟ ಹಾಗೆಯೇ. ಕತ್ತರಿ ಇಲ್ಲದ ಇರ್ಮೆಲಿಯನ್ನು ನಾನು ನೋಡಲಾರೆ.

ಡಾಕ್ಟರು ಒಂದು ಹನಿ ಮದ್ದು ಬರೆದುಕೊಟ್ಟರು. ದಿನಾ ಸಂಜೆ ಎಡಗಣ್ಣಿಗೆ ಮಾತ್ರ ಒಂದು ಹನಿ. ದಿನಕ್ಕೆ ಎರಡು ಸಲ ಹಾಕಿದರೆ ಹೆಚ್ಚು ಗುಣವಿಲ್ಲ, ಬದಲಿಗೆ ಕಡಿಮೆಯೇ. ಹಾಕುವಾಗ ಶೀಶೆಯ ತುದಿ ಕಣ್ಣಿಗಾಗಲಿ ಬೆರಳಿಗಾಗಲಿ ತಾಗಬಾರದು. ಹಾಕಿದ ಮೇಲೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿಯಬೇಕು. ಕೆನ್ನೆಗೆ ಇಳಿದದ್ದನ್ನು ಒರೆಸಬೇಕು. ಕೊನೆಗೆ ಅವರು ಹೇಳಿದ್ದು, ಆ ಕಣ್ಣಿನ ರೆಪ್ಪೆಗೂದಲು ಉದ್ದವಾಗಿ ಕಪ್ಪಾಗಬಹುದು, ಕಣ್ಣಿನ ಬಣ್ಣವೂ ಕಂದಾಗಬಹುದು. ಮದ್ದು ನಿಲ್ಲಿಸಿದರೆ ರೆಪ್ಪೆಗೂದಲು ಮೊದಲಿನಂತಾಗುತ್ತದೆ, ಕಣ್ಣಿನ ಬಣ್ಣ ಹಾಗೇ ಉಳಿದುಬಿಡಬಹುದು.

"ಬಣ್ಣ ಹಚ್ಚೋ ಕೆಲ್ಸ ಉಳೀತು ಬಿಡಿ" ಅಂದಳಂತೆ ಇರ್ಮೆಲಿ.

ಸಲೂನು ಮುಚ್ಚುವ ಹೊತ್ತಿಗೆ ಹಿಂದಿನ ಕೋಣೆಯ ಕನ್ನಡಿ ಮುಂದೆ ನಿಂತು ಹನಿ ಹಾಕಿಕೊಳ್ಳುವುದು ರೂಢಿಯಾಯಿತು. ಶೀಶೆ ಇದ್ದದ್ದು ಫ್ರಿಜ್ಜಿನಲ್ಲಿ, ಹಾಲಿನ ಪೊಟ್ಟಣದ ಪಕ್ಕ. ಒತ್ತಡ ಇಳಿಯಿತು. ಎಲ್ಲ ಸರಿಹೋಯಿತು ಅಂದುಕೊಂಡೆವು.

ಶರತ್ಕಾಲ ಬರುವ ಹೊತ್ತಿಗೆ ಅವಳ ಎಡ ರೆಪ್ಪೆಗೂದಲು ನೋಡಬೇಕಿತ್ತು. ಉದ್ದ, ದಟ್ಟ, ತುದಿಯಲ್ಲಿ ಕೊಂಕು. ಬೂದುನೀಲಿ ಕಣ್ಣಿನ ಒಳಗೆ ಕಂದು ಬಣ್ಣ ಸುತ್ತಿಕೊಳ್ಳುತ್ತಿತ್ತು. ಬಲಗಡೆ ಮಾತ್ರ ಅದೇ ಹಳೇ ಹಂದಿಮರಿ. ಆರ್ವೊ ಒಂದು ದಿನ ಬೆಳಿಗ್ಗೆ ತಲೆಯೆತ್ತಿ ನೋಡಿ "ಹೂಂ" ಅಂದನಂತೆ. ಅವನ ಮಟ್ಟಿಗೆ ಅದೇ ಭಾಷಣ.

ಗಿರಾಕಿಗಳು ಬಿಡುತ್ತಾರೆಯೇ? ಗಾಯಕಿಯರ ಗುಂಪಿನ ರಾಕೆಲ್ ಎಲ್ಲರಿಗಿಂತ ಮುಂದು. ಅವಳ ಮಗಳ ಮದುವೆ ಮುಂದಿನ ಜೂನಿನಲ್ಲಿ, ನಮ್ಮ ಬೇಸಿಗೆಯ ನಡು ಹಬ್ಬಕ್ಕೆ ಗೊತ್ತಾಗಿತ್ತು.

"ಏನೇ ಹಚ್ತೀಯಾ ಅದಕ್ಕೆ?" ಅಂದಳು ರಾಕೆಲ್.

"ಕಾಯಿಲೆ ಹಚ್ಕೊಂಡಿದೀನಿ. ನಿಂಗೂ ಬೇಕಾ?"

"ತಮಾಷೆ ಬೇಡ. ಆ ಶೀಶೆಯಿಂದ ಒಂದೇ ಒಂದು ಹನಿ ಕೊಡೇ. ಮದುವೆ ದಿನ ನಾನೂ ಚೆನ್ನಾಗಿ ಕಾಣಬೇಡ್ವಾ?"

"ಮದುವೆ ನಿನ್ನ ಮಗಳದು ರಾಕೆಲ್. ಯಾರನ್ನ ಬೀಳಿಸಬೇಕು ಅಂತ ನಿಂಗೆ ಈ ಆಸೆ?"

ಹೊರಗೆ ಹೀಗೆ ನಗಾಡುತ್ತಿದ್ದಳು. ಒಳಗೊಳಗೆ ಬೇಯುತ್ತಿದ್ದಳು. ಸಮ ಇಲ್ಲದ ಚಿತ್ರವನ್ನೇ ಸಹಿಸದವಳಿಗೆ ಸಮ ಇಲ್ಲದ ಮುಖ ಬಂದಿತ್ತು. ಮೊದಲು ಉಗುರು ಕತ್ತರಿಯಿಂದ ಎಡ ರೆಪ್ಪೆಗೂದಲನ್ನು ಗಿಡ್ಡ ಮಾಡಿದಳು. ಅದು ಮತ್ತೆ ಬೆಳೆಯಿತು. ಬಲಗಡೆಗೆ ಮತ್ತೆ ಮತ್ತೆ ಬಣ್ಣ ಹಾಕಿದಳು. ಬಣ್ಣ ಬಂತು, ಉದ್ದ ಬರಲಿಲ್ಲ.

ಮುಂದಿನದು ನನಗೆ ಆಮೇಲೆ ತಿಳಿದದ್ದು. ಸರದಿ ತಪ್ಪಬಾರದು ಅಂತ ಇಲ್ಲೇ ಹೇಳಿಬಿಡುತ್ತೇನೆ. ಶೀಶೆಯಲ್ಲಿ ಬರುವ ಯಾವುದೇ ದ್ರವ ಬ್ರಷ್ಷಿಗಾಗಿ ಇರುವುದು ಅನ್ನುವುದು ಅವಳ ಕಸುಬಿನ ಬುದ್ಧಿ. ಜೀವಮಾನವೆಲ್ಲ ಮಾಡಿದ್ದೇ ಅದು. ಒಂದು ಸಂಜೆ ಎಡಗಣ್ಣಿಗೆ ಹನಿ ಹಾಕಿಕೊಂಡ ಮೇಲೆ, ಊರಿನವರ ರೆಪ್ಪೆಗೆಲ್ಲ ಬಣ್ಣ ಹಚ್ಚುವ ಆ ಸಣ್ಣ ಬ್ರಷ್ಷನ್ನೇ ತೆಗೆದುಕೊಂಡು ಶೀಶೆಯ ಬಾಯಿಗೆ ಒತ್ತಿ, ಬಲ ರೆಪ್ಪೆಯ ಬುಡದಲ್ಲಿ ಒಂದು ಗೆರೆ ಎಳೆದಳು. ಕಣ್ಣೊಳಗೆ ಹಾಕುತ್ತಿಲ್ಲವಲ್ಲ, ಇದರಲ್ಲೇನು ತಪ್ಪು ಅಂತ ತನಗೆ ತಾನೇ ಹೇಳಿಕೊಂಡಳು. ದಿನಾ ಹೀಗೇ ನಡೆಯಿತು. ಒಂದು ಕಣ್ಣಿನ ಮದ್ದು ಎರಡು ಕಡೆಗೆ ಹಂಚಿಹೋದ ಮೇಲೆ ಶೀಶೆ ತಿಂಗಳಿಗೆ ಮುಂಚೆಯೇ ಬರಿದಾಗುತ್ತಿತ್ತು. ಅವಧಿಗೆ ಮೊದಲೇ ಇನ್ನೊಂದು ಕೇಳಿದರೆ ಔಷಧಿ ಅಂಗಡಿಯವರು ಯಾಕೆ ಅನ್ನುತ್ತಾರೆ, ಕಾರಣ ಹೇಳಬೇಕಾಗುತ್ತದೆ. ಅದಕ್ಕೆ ತಿಂಗಳ ಕೊನೆಯ ದಿನಗಳಲ್ಲಿ ಕಾಯಿಲೆಯ ಕಣ್ಣನ್ನು ಹಾಗೇ ಒಣಗಲು ಬಿಡುತ್ತಿದ್ದಳು. ರೆಪ್ಪೆಗೂದಲು ಸಮವಾಗತೊಡಗಿತು. ಅವಳಿಗೆ ಸಂತೋಷವೋ ಸಂತೋಷ.

ಕಡಲು ಗಟ್ಟಿಯಾಗಿ ಹೆಪ್ಪುಗಟ್ಟಿದ್ದ ಫೆಬ್ರವರಿಯ ಒಂದು ಬೆಳಿಗ್ಗೆ ಅವಳು ಕೆಂಪು ಕಣ್ಣಿಟ್ಟುಕೊಂಡು ಬಂದಳು. ಎಡಗಣ್ಣು ಊದಿತ್ತು, ಪಿಸುರು ಕಟ್ಟಿತ್ತು, ಬೆಳಕು ಕಂಡರೆ ನೀರು ಸುರಿಯುತ್ತಿತ್ತು.

"ಏನಾಯ್ತೇ?"

"ಏನಿಲ್ಲ. ಶನಿವಾರ ಸೌನಾದಲ್ಲಿ ಹಬೆಸ್ನಾನಕ್ಕೆ ಕೂತಾಗ ಹೊಗೆ ಜಾಸ್ತಿ ಆಗಿತ್ತು."

"ನಿಮ್ಮನೇದು ಕರೆಂಟಿನ ಸೌನಾ. ಹೊಗೆ ಎಲ್ಲಿಂದ ಬಂತು?"

ಅವಳು ಗಿರಾಕಿಯ ಕುತ್ತಿಗೆಗೆ ಬಟ್ಟೆ ಕಟ್ಟಲು ಹೋದಳು. ಬಟ್ಟೆಯ ಗಂಟು ಎರಡು ಸಲ ತಪ್ಪಿತು. ನಾನು ಸುಮ್ಮನಿರುವ ಜಾತಿಯವಳಲ್ಲ. ಗಿರಾಕಿಗೆ ಕೋಟು ಕೊಟ್ಟು ಕಳಿಸಿದೆ, ಎರಡೂ ಅಂಗಡಿಯ ಬಾಗಿಲು ಹಾಕಿದೆ, ಅವಳನ್ನು ಕಾರಿಗೆ ತುಂಬಿದೆ. ಹಿಮ ಮೆತ್ತಿದ ದಾರಿಯುದ್ದಕ್ಕೂ ಅವಳು ಕೈಚೀಲವನ್ನು ಎದೆಗೆ ಅವುಚಿಕೊಂಡು ಕೂತಿದ್ದಳು.

ಔಲು ಆಸ್ಪತ್ರೆಯಲ್ಲಿ ಡಾಕ್ಟರ ಕೋಣೆಯೊಳಗೆ ನಾನೂ ಹೋದೆ. ಡಾಕ್ಟರ್ ಪುಹಕ್ಕಾ ಯಂತ್ರದ ಮುಂದೆ ಅವಳ ಗದ್ದ ಇರಿಸಿ ನಿಧಾನವಾಗಿ ನೋಡಿದರು. ಹೊರಗಿನಿಂದ ಸೋಂಕು ತಗುಲಿದೆ, ಸಮಯಕ್ಕೆ ಬಂದಿರಿ, ಕಣ್ಣಿನ ಕರಿಗುಡ್ಡೆಗೆ ಇನ್ನೂ ಹೋಗಿಲ್ಲ ಎಂದರು. ಆಮೇಲೆ ಒತ್ತಡ ನೋಡಿದರು, ಮತ್ತೊಮ್ಮೆ ನೋಡಿದರು, ಕುರ್ಚಿಗೆ ಒರಗಿದರು.

"ಒತ್ತಡ ಕಳೆದ ಸಲವೂ ಏರಿತ್ತು, ಈ ಸಲ ಇನ್ನೂ ಏರಿದೆ. ಹನಿ ದಿನಾ ಹಾಕ್ಕೊಳ್ತಿದ್ದೀರಾ?"

"ಹಾಕ್ಕೊಳ್ತಿದ್ದೀನಿ."

"ತಪ್ಪದೆ?"

"ತಪ್ಪದೆ."

"ಹಾಕ್ಕೊಳ್ಳೋದ್ರಲ್ಲಿ ಏನಾದ್ರೂ ತೊಂದರೆ?"

"ಏನಿಲ್ಲ. ಎಲ್ಲಾ ಚೆನ್ನಾಗಿದೆ."

ಕಾಲು ಮುರಿದುಕೊಂಡು ಹಿಮದಲ್ಲಿ ಬಿದ್ದಿದ್ದರೂ ನಮ್ಮವರು ಹೇಳುವುದು ಇದನ್ನೇ, ಎಲ್ಲಾ ಚೆನ್ನಾಗಿದೆ. ಅವರು ಶೀಶೆ ತೋರಿಸಿ ಎಂದರು. ಮರೆತು ಬಂದೆ ಎಂದಳು ಇವಳು. ಹೊರಡುವ ಮುಂಚೆ ಫ್ರಿಜ್ಜಿನಿಂದ ತೆಗೆದು ಕೈಚೀಲಕ್ಕೆ ಹಾಕಿಕೊಂಡದ್ದನ್ನು ನಾನು ಕಣ್ಣಾರೆ ನೋಡಿದ್ದೆ. ಬಾಯಿ ತೆರೆಯುವಷ್ಟರಲ್ಲಿ ನನ್ನ ತೊಡೆ ಚಿವುಟಿದಳು. ನೀಲಿ ಕಲೆ ವಾರವಿಡೀ ಇತ್ತು.

"ಹಾಗಾದ್ರೆ ಹನಿ ನಿಮಗೆ ನಾಟ್ತಿಲ್ಲ" ಎಂದರು ಡಾಕ್ಟರು. "ಸೋಂಕು ವಾಸಿಯಾಗ್ತಿದ್ದ ಹಾಗೆ ಆಪರೇಷನ್ ಮಾಡೋದೇ ಒಳ್ಳೇದು. ಒತ್ತಡ ಇಳಿಯೋಕೆ ದಾರಿ ಮಾಡ್ತೀವಿ. ಅಪಾಯ ಇಲ್ಲವೇ ಇಲ್ಲ ಅಂತ ಹೇಳಲ್ಲ. ಆದ್ರೆ ಸುಮ್ನೆ ಬಿಟ್ರೆ ಉಳಿದಿರೋ ನೋಟವೂ ಹೋಗುತ್ತೆ."

ಇರ್ಮೆಲಿ ತಲೆಯಾಡಿಸಿದಳು. ಹಲ್ಲು ಕೀಳಿಸಿಕೊಳ್ಳಲು ಒಪ್ಪಿದವಳ ಹಾಗೆ ಎದ್ದು ಕೈಕುಲುಕಿ ಹೊರಬಂದಳು.

ಆಸ್ಪತ್ರೆಯ ಕೆಳಗಡೆ ಒಂದು ಕಾಫಿ ಅಂಗಡಿ. ಇಬ್ಬರಿಗೂ ಕಾಫಿ, ದಾಲ್ಚಿನ್ನಿ ಬನ್ನು ತಂದಿಟ್ಟು ನಾನು ಕೈ ಚಾಚಿದೆ.

"ಚೀಲ ಕೊಡು."

"ಯಾಕೆ?"

"ಶೀಶೆ ನೋಡ್ಬೇಕು. ಕೊಡ್ತೀಯೋ, ಇಲ್ಲಾ ಎಲ್ಲರ ಮುಂದೆ ಕಿತ್ಕೊಳ್ಳಲೋ?"

ಕೊಟ್ಟಳು. ದಿನವಿಡೀ ಗುಂಡಿಗಳ ಬಣ್ಣ ಹೊಂದಿಸುವವಳು ನಾನು, ನನ್ನ ಕಣ್ಣಿಗೆ ಬಣ್ಣ ತಪ್ಪುವುದಿಲ್ಲ. ಶೀಶೆಯ ಬಿಳಿ ಬಾಯಿಯ ಸುತ್ತ ನೀಲಿಗಪ್ಪು ಉಂಗುರ. ನನ್ನ ರೆಪ್ಪೆಗೂ ರಾಕೆಲ್ ರೆಪ್ಪೆಗೂ ಅವಳು ಹಚ್ಚುವ ಅದೇ ಬಣ್ಣ. ನಾನು ಶೀಶೆಯನ್ನು ಅವಳ ಬನ್ನಿನ ಪಕ್ಕ ಇಟ್ಟೆ. ಅವಳು ಒಂದೊಂದಾಗಿ ಎಲ್ಲ ಹೇಳಿದಳು. ಬ್ರಷ್ಷು, ಬಲ ರೆಪ್ಪೆ, ತಿಂಗಳ ಕೊನೆಯ ಒಣ ದಿನಗಳು.

"ಮೇಲೆ ಹೋಗಿ ಹೇಳು" ಅಂದೆ.

"ಅರವತ್ತಾರು ವರ್ಷದ ಹೆಂಗಸು ರೆಪ್ಪೆಗೂದಲಿನ ಆಸೆಗೆ ಹೀಗೆ ಮಾಡ್ಕೊಂಡ್ಳು ಅಂತ ಹೇಳ್ಲಾ? ಆಪರೇಷನ್ನೇ ಮಾಡ್ಲಿ ಬಿಡು."

"ಅವ್ರು ಆಪರೇಷನ್ ಮಾಡೋದು ನೀನು ಹೇಳಿದ ಸುಳ್ಳಿಗೆ ಕಣೇ. ಆದ್ರೆ ಕೊಯ್ಯೋದು ನಿನ್ನ ಕಣ್ಣನ್ನ."

ಅವಳು ಬನ್ನನ್ನು ಸಣ್ಣ ಸಣ್ಣ ಚೂರು ಮಾಡಿದಳು, ಒಂದನ್ನೂ ಬಾಯಿಗೆ ಹಾಕಲಿಲ್ಲ.

"ನಿಂಗೆ ಅರ್ಥ ಆಗಲ್ಲ ತುಯಿರೆ. ನೀವೆಲ್ಲ ಬೆಳಿಗ್ಗೆ ಒಂದ್ಸಲ ಮುಖ ನೋಡ್ಕೊಂಡು ಮರ್ತುಬಿಡ್ತೀರಿ. ನಾನು ಬೆಳಿಗ್ಗೆಯಿಂದ ಸಂಜೆ ತನಕ ಕನ್ನಡಿ ಮುಂದೆ ನಿಂತಿರ್ತೀನಿ. ಯಾರ ತಲೆ ಹಿಡ್ಕೊಂಡಿದ್ರೂ ಅದ್ರ ಮೇಲೆ ನನ್ನ ಮುಖಾನೇ ಇರುತ್ತೆ. ಒಂದು ಕಡೆ ನಾನು ಚಿಕ್ಕಂದಿನಿಂದ ಬೇಕು ಬೇಕು ಅಂತ ಅಂದ್ಕೊಂಡಿದ್ದು, ಇನ್ನೊಂದು ಕಡೆ ಹಂದಿಮರಿ. ಅದೂ ಬಂದಿದ್ದೆಲ್ಲಿ ಹೇಳು, ಕಾಯಿಲೆ ಕಣ್ಣಿಗೆ."

ಇಷ್ಟು ವರ್ಷ ಗೋಡೆಯ ಪಕ್ಕ ಗೋಡೆ ಇಟ್ಟುಕೊಂಡು ಬದುಕಿದ ನನಗೆ ಇದು ಹೊಳೆದಿರಲಿಲ್ಲ. ಆದರೂ ಮಾತು ಬಿಡಲಿಲ್ಲ.

"ಆ ಎಡಗಣ್ಣು ಹೋಗಿ, ನಾಳೆ ಬಲಗಣ್ಣಿಗೂ ಬಂದ್ರೆ ಕನ್ನಡಿಯಲ್ಲಿ ಏನು ನೋಡ್ತೀಯೇ? ನನ್ನಪ್ಪ ಕೊನೆಕೊನೆಗೆ ನನ್ನ ಮುಖ ಹುಡುಕೋಕೆ ಕೈ ಚಾಚ್ತಿದ್ದ. ನಿಂಗೆ ಅದು ಬೇಡ."

ಇರ್ಮೆಲಿ ಬನ್ನಿನ ಚೂರುಗಳನ್ನು ತಟ್ಟೆಯ ಒಂದು ಕಡೆಗೆ ಸರಿಸಿದಳು. ಎದ್ದಳು. ಶೀಶೆ ತೆಗೆದುಕೊಂಡಳು. ಮೆಟ್ಟಿಲು ಹತ್ತುವಾಗ ಬೆನ್ನು ನೆಟ್ಟಗಿತ್ತು.

ಡಾಕ್ಟರ ಕೋಣೆಯಲ್ಲಿ ಬೇರೆ ಯಾರೋ ಇದ್ದರು. ಕೂರಿ ಅಂದರೂ ಕೂರದೆ ಬಾಗಿಲ ಹತ್ತಿರವೇ ನಿಂತಿದ್ದಳು. ಒಳಗಿದ್ದವರು ಹೊರಗೆ ಬಂದದ್ದೇ ನುಗ್ಗಿದಳು, ಹಿಂದೆ ನಾನು.

"ಡಾಕ್ಟ್ರೇ, ನಾನು ಸುಳ್ಳು ಹೇಳಿದೆ" ಎಂದು ಶೀಶೆಯನ್ನು ಅವರ ಮೇಜಿನ ಮೇಲೆ ಇಟ್ಟಳು. "ಹನಿ ದಿನಾ ಹಾಕ್ಕೊಂಡಿಲ್ಲ. ಅರ್ಧ ಈ ಕಡೆ ರೆಪ್ಪೆಗೆ ಹಚ್ತಿದ್ದೆ. ಸಲೂನಿನ ಬ್ರಷ್ಷಲ್ಲಿ."

ಅವರು ಶೀಶೆಯನ್ನು ತಿರುಗಿಸಿ ಉಂಗುರ ನೋಡಿದರು. ಬೈಯುತ್ತಾರೆ ಅಂತಲೇ ಇಬ್ಬರೂ ಅಂದುಕೊಂಡಿದ್ದೆವು.

"ಕೂತ್ಕೊಳ್ಳಿ" ಎಂದರು. "ಮನೇಲಿ ಏನಾಗ್ತಿದೆ ಅಂತ ನಂಗೆ ಇಲ್ಲಿಂದ ಕಾಣಲ್ಲ. ನೀವು ಹೇಳಿದ್ದನ್ನೇ ನಂಬಿ ನಾನು ಕತ್ತಿ ಎತ್ಕೋತೀನಿ. ವಾಪಸ್ ಬಂದು ಹೇಳಿದ್ದಕ್ಕೆ ನಾನೇ ನಿಮಗೆ ಥ್ಯಾಂಕ್ಸ್ ಹೇಳ್ಬೇಕು."

ಆಮೇಲೆ ಬಿಡಿಸಿ ಹೇಳಿದರು. ಸೋಂಕು ಬಂದದ್ದು ಆ ಬ್ರಷ್ಷಿನಿಂದಲೇ ಇರಬೇಕು. ಶೀಶೆಯ ಬಾಯಿಗೆ ಏನು ತಾಗಿದರೂ ಅದು ಒಳಗಿನ ಮದ್ದಿಗೆ ಇಳಿಯುತ್ತದೆ, ಮರುದಿನ ಹನಿಯ ಜೊತೆಗೆ ಕಣ್ಣಿಗೆ ಬೀಳುತ್ತದೆ. ಇದೇ ಜಾತಿಯ ಮದ್ದನ್ನು ಕೆಲವು ದೇಶಗಳಲ್ಲಿ ರೆಪ್ಪೆಗೂದಲು ಬೆಳೆಸಲೆಂದೇ ಕೊಡುವುದುಂಟು. ಅಲ್ಲಿಯೂ ಡಾಕ್ಟರ ಚೀಟಿ ಬೇಕು. ಮೇಲಿನ ರೆಪ್ಪೆಯ ಬುಡಕ್ಕೆ ಮಾತ್ರ ಹಚ್ಚುವುದು, ಒಂದೊಂದು ಕಣ್ಣಿಗೂ ಹೊಸ ಬ್ರಷ್ಷು, ಒಮ್ಮೆ ಹಚ್ಚಿದ ಮೇಲೆ ಎಸೆದುಬಿಡುವುದು. ಗ್ಲಾಕೋಮಾ ಇರುವವರು ಅದನ್ನು ತಾವಾಗಿ ಮೇಲಿಂದ ಹಚ್ಚಿಕೊಳ್ಳಬಾರದು, ಎರಡೂ ಸೇರಿದರೆ ಒತ್ತಡ ಇಳಿಯುವ ಬದಲು ಏರಬಹುದು. ಇನ್ನು ಒಬ್ಬರ ಶೀಶೆ ಇನ್ನೊಬ್ಬರಿಗಂತೂ ಯಾವತ್ತೂ ಇಲ್ಲ.

"ರೆಪ್ಪೆಗೂದಲು ಅಷ್ಟೊಂದು ಕಾಡ್ತಿದ್ರೆ ಮೊದಲೇ ಹೇಳ್ಬಹುದಿತ್ತು" ಎಂದರು. "ರೆಪ್ಪೆ ಬೆಳೆಸದ ಬೇರೆ ಹನಿಗಳೂ ಇವೆ. ಬದಲಾಯಿಸೋಣ್ವಾ?"

ಇರ್ಮೆಲಿ ಯೋಚಿಸಿದಳು. "ನನ್ನ ಕಣ್ಣನ್ನ ಯಾವುದು ಹೆಚ್ಚು ಉಳಿಸುತ್ತೆ?"

"ನೀವು ಸರಿಯಾಗಿ ಹಾಕ್ಕೊಂಡಿದ್ದ ದಿನಗಳ ಲೆಕ್ಕ ನೋಡಿದ್ರೆ ಇದೇ. ಬೇರೆಯವು ನಿಮ್ಮ ಒತ್ತಡಾನ ಇಷ್ಟು ಇಳಿಸ್ತಾವೆ ಅಂತ ಹೇಳಕ್ಕಾಗಲ್ಲ."

"ಹಾಗಾದ್ರೆ ಇದೇ ಇರ್ಲಿ."

"ಮುಖ ಸಮ ಇರಲ್ಲ" ಎಂದರು ಡಾಕ್ಟರು.

"ಗೊತ್ತು" ಎಂದಳು ಇರ್ಮೆಲಿ.

ಆಪರೇಷನ್ ಮುಂದಕ್ಕೆ ಹೋಯಿತು. ಹಳೇ ಶೀಶೆ ಅಲ್ಲಿನ ಕಸದ ಡಬ್ಬಿ ಸೇರಿತು. ಮೊದಲು ಸೋಂಕಿನ ಹನಿ, ಆಮೇಲೆ ಅವರು ಹೇಳಿದ ದಿನದಿಂದ ಹೊಸ ಶೀಶೆ. ಎರಡು ಬಗೆಯ ಹನಿ ಹಾಕಬೇಕಾದ ದಿನಗಳಲ್ಲಿ ನಡುವೆ ಒಂದಿಷ್ಟು ಹೊತ್ತು ಬಿಡಬೇಕಿತ್ತು, ಒಂದು ಇನ್ನೊಂದನ್ನು ತೊಳೆದುಕೊಂಡು ಹೋಗದ ಹಾಗೆ. ಆ ಹೊತ್ತಿಗೆ ನಾನು ಹಿಂದಿನ ಕೋಣೆಗೆ ಹೋಗಿ ಪೊಲೀಸರ ಹಾಗೆ ಕೂರುತ್ತಿದ್ದೆ.

"ನಿಂಗೆ ಅಂಗಡಿ ಇಲ್ವಾ?" ಎನ್ನುತ್ತಿದ್ದಳು, ಮೂಗಿನ ಪಕ್ಕ ಬೆರಳು ಒತ್ತಿಕೊಂಡು.

"ಇದೆ. ಅಲ್ಲಿ ಯಾರೂ ಸುಳ್ಳು ಹೇಳಲ್ಲ, ಬೇಜಾರು."

ಕಡಲಿನ ಹಿಮ ಒಡೆದು ನೀರು ಕಾಣಿಸಿದ ವಾರ ಮತ್ತೆ ಔಲುಗೆ ಹೋದೆವು. ಡಾಕ್ಟರು ನೋಡಿದರು, ಮತ್ತೊಮ್ಮೆ ನೋಡಿದರು, ಈ ಸಲ ಒರಗಲಿಲ್ಲ, ನಕ್ಕರು. ಒತ್ತಡ ಇಳಿದಿತ್ತು. ಹೋದ ಮೂಲೆ ಹೋದಂತೆಯೇ ಇತ್ತು, ಉಳಿದದ್ದು ಹಾಗೇ ಉಳಿದಿತ್ತು. ಆಪರೇಷನ್ ಈಗ ಬೇಡ, ಹೀಗೇ ಮುಂದುವರಿಸಿ, ತಪಾಸಣೆ ತಪ್ಪಿಸಬೇಡಿ ಎಂದರು. ಬರುವಾಗ ದಾರಿಯಲ್ಲಿ ಇರ್ಮೆಲಿ ಹಾಡು ಹೇಳಿದಳು. ಅವಳ ಕಂಠ ಕತ್ತರಿಯಷ್ಟು ಚೆನ್ನಾಗಿಲ್ಲ. ನಾನು ತಡೆದುಕೊಂಡೆ.

ಬೇಸಿಗೆಯ ನಡು ಹಬ್ಬ ಹತ್ತಿರ ಬಂತು, ರಾಕೆಲ್ ಮತ್ತೆ ಬಂದಳು.

"ಈಗಲಾದ್ರೂ ಒಂದು ಹನಿ ಕೊಡೇ. ಬೇಡ ಅಂದ್ರೆ ಹೇಳು, ಇಂಟರ್ನೆಟ್ಟಲ್ಲಿ ಏನೋ ರೆಪ್ಪೆ ಎಣ್ಣೆ ಸಿಗುತ್ತಂತೆ, ತರಿಸ್ಕೋತೀನಿ."

"ಅದ್ರಲ್ಲಿ ಏನಿದೆ ಅಂತ ಗೊತ್ತಾ?"

"ಎಣ್ಣೆ ಅಂತ ಬರ್ದಿದ್ದಾರೆ."

"ಬರೆಯೋಕೇನು. ನಾನು ಮಾಡ್ಕೊಂಡಿದ್ದು ನೀನು ಮಾಡ್ಕೋಬೇಡ ರಾಕೆಲ್. ಬೇಕೇ ಬೇಕು ಅಂದ್ರೆ ಮೊದ್ಲು ಕಣ್ಣಿನ ಡಾಕ್ಟ್ರಿಗೆ ತೋರ್ಸಿ ಕೇಳು. ನನ್ನ ಶೀಶೆಯಿಂದ ಒಂದು ಹನೀನೂ ಇಲ್ಲ, ಅದು ಈ ಕಣ್ಣಿನ ಪಾಲು. ಈಗ ಒರಗು, ಬಣ್ಣ ಹಚ್ತೀನಿ. ನಿಂಗೆ ಅಂತ ಹೊಸ ಬ್ರಷ್ಷು ತೆಗ್ದಿದೀನಿ."

ಬ್ರಷ್ಷು ಈಗ ಒಬ್ಬೊಬ್ಬರಿಗೂ ಒಂದೊಂದು, ಕೆಲಸ ಮುಗಿದ ಮೇಲೆ ನೇರ ಕಸಕ್ಕೆ. ರಾಕೆಲ್ ಗೊಣಗುತ್ತಾ ಒರಗಿದಳು. ಎದ್ದು ಕನ್ನಡಿ ನೋಡಿ ಗೊಣಗುವುದನ್ನು ನಿಲ್ಲಿಸಿದಳು.

ಮದುವೆಯ ಹಿಂದಿನ ದಿನ ಮಧ್ಯಾಹ್ನ ಕೊನೆಯ ಗಿರಾಕಿ ನಾನು. ಹೊರಗೆ ಬರ್ಚ್ ಮರದ ಎಲೆಗಳು ಬೆಳಕಿನಲ್ಲಿ ಅಲುಗುತ್ತಿದ್ದವು, ಬಾಗಿಲು ತೆರೆದಿತ್ತು. ಇರ್ಮೆಲಿ ನನ್ನ ಮುಂಗೂದಲು ಒದ್ದೆ ಮಾಡಿ, ಬಾಚಿ, ಕತ್ತರಿಸಿದಳು. ರೂಢಿಯಂತೆ ಬಲಗಣ್ಣು ಮುಚ್ಚಿ ಎಡಗಣ್ಣಿನಲ್ಲಿ ಗುರಿ ನೋಡಿದಳು. ಬಲಗಣ್ಣು ತೆರೆದಳು. ಕನ್ನಡಿಯಲ್ಲಿ ಅವಳ ಮುಖ ನನ್ನ ತಲೆಯ ಮೇಲೆ ಇತ್ತು. ಎಡಗಣ್ಣು ಕಂದು, ಅದರ ಸುತ್ತ ಉದ್ದನೆಯ ಕಪ್ಪು ರೆಪ್ಪೆಗೂದಲು. ಬಲಗಣ್ಣು ಬೂದುನೀಲಿ, ರೆಪ್ಪೆಗೂದಲು ಗಿಡ್ಡ, ಬಿಳಿ. ಬಣ್ಣವನ್ನೂ ಹಾಕಿಕೊಂಡಿರಲಿಲ್ಲ. ಅವಳು ಅದನ್ನು ನೋಡಿದಳು, ಕಣ್ಣು ತಿರುಗಿಸಲಿಲ್ಲ.

"ತುಯಿರೆ, ಎಡಗಡೆ ನಂಗೆ ಅಷ್ಟು ಸರಿಯಾಗಿ ಕಾಣಲ್ಲ" ಎಂದಳು. "ಸಮ ಇದ್ಯಾ, ನೋಡಿ ಹೇಳು."

ನಮ್ಮ ಇಷ್ಟು ವರ್ಷದ ಗೆಳೆತನದಲ್ಲಿ ಅವಳು ಈ ಪ್ರಶ್ನೆ ಕೇಳಿದ್ದು ಇದೇ ಮೊದಲು. ನಾನು ಹೂಂ ಎನ್ನಬಹುದಿತ್ತು. ಊರಿನ ಮರ್ಯಾದೆ ಅದೇ ತಾನೇ.

"ಇಲ್ಲ" ಅಂದೆ. "ಎಡಗಡೆ ಒಂದು ಚೂರು ಉದ್ದ."

"ಇಲ್ಲಿ?"

"ಇನ್ನೂ ಸ್ವಲ್ಪ ಈ ಕಡೆ."

ಅವಳು ನನ್ನ ಬೆರಳು ತೋರಿಸಿದ ಕಡೆ ಬಗ್ಗಿ, ಎರಡೂ ಕಣ್ಣು ತೆರೆದುಕೊಂಡೇ ಕತ್ತರಿ ಹಾಕಿದಳು. ಕೂದಲ ಚೂರು ನನ್ನ ಮೂಗಿನ ಮೇಲೆ ಬಿತ್ತು, ಅವಳು ಅದನ್ನು ಊದಿದಳು. ಮರುದಿನ ಮದುವೆಗೆ ನಾನು ಟೋಪಿ ಇಲ್ಲದೆ ಹೋದೆ.